ಫ್ರಿಜ್ಜಿನ ಬಾಗಿಲ ಮೇಲಿನ ಕೆಂಪು ಪಟ್ಟಿ

ಮಗಳಿಗೆ ಹತ್ತು ತಿಂಗಳಾಗಿದ್ದಾಗ ನಮ್ಮನೆ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ದೆ. ಹಾಲು, ಮೊಸರು, ತುಪ್ಪ, ಮೊಟ್ಟೆ, ಗೋಧಿ, ಕಡಲೆಕಾಯಿ, ಕಡಲೆಬೇಳೆ, ಟೊಮೆಟೊ, ಬದನೆ, ಬಾಳೆಹಣ್ಣು. ಒಂದೊಂದರ ಮುಂದೆಯೂ ಕೆಂಪು ಸ್ಕೆಚ್ ಪೆನ್ನಿನಲ್ಲಿ ಹಾಕಿದ ಇಂಟು ಮಾರ್ಕು. ಅಡುಗೆಗೆ ಬರುತ್ತಿದ್ದ ಅಕ್ಕ ಅದನ್ನು ಎರಡು ಸಲ ಓದಿ, "ಹಂಗಾದ್ರೆ ಮಗೂಗೆ ಏನ್ ಕೊಡ್ತೀರಾ ಮೇಡಂ?" ಅಂದರು. ಅನ್ನ, ರಾಗಿ, ಹೆಸರುಬೇಳೆ, ಕ್ಯಾರೆಟ್ಟು, ಸೋರೆಕಾಯಿ ಅಂದೆ. "ನಮ್ಮೂರಾಗೆ ಬಾಣಂತಿಗೂ ಇಷ್ಟು ಪಥ್ಯ ಇಲ್ಲ ಬಿಡಿ" ಅಂತ ಗೊಣಗಿಕೊಂಡು ಕುಕ್ಕರ್ ಇಟ್ಟರು. ಆವತ್ತು ನನಗೆ ಸಿಟ್ಟು ಬಂದಿತ್ತು.

ಶುರುವಾದದ್ದು ಕೆನ್ನೆಯಿಂದ. ಬಾಣಂತನಕ್ಕೆ ಹಾಸನದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಮೂರನೇ ತಿಂಗಳಲ್ಲಿ ಪುಟ್ಟಿಯ ಎರಡೂ ಕೆನ್ನೆ ಕೆಂಪಾದವು. ನೋಡಲು ಬಂದವರೆಲ್ಲ "ಎಷ್ಟು ಚಂದ, ಸೇಬಿನ ಹಾಗೆ" ಅಂದರು. ವಾರದಲ್ಲಿ ಆ ಸೇಬು ಒರಟಾಯಿತು, ಸಣ್ಣಗೆ ನೀರು ಜಿನುಗಿತು, ಒಣಗಿ ಹಕ್ಕಳೆಯಾಯಿತು. ಅಮ್ಮ ದೃಷ್ಟಿ ತೆಗೆದಳು. ಆಮೇಲೆ ನನ್ನ ತಟ್ಟೆ ನೋಡಿದಳು. "ನೀನು ತಿಂದಿದ್ದೇ ಮಗೂಗೆ ಹೋಗೋದು, ನಂಜಿನ ಪದಾರ್ಥ ಮುಟ್ಟಬೇಡ" ಅಂತ ಬದನೆ, ಕುಂಬಳ, ಮೊಟ್ಟೆ ನಿಂತವು. ನಂಜು ಅನ್ನೋ ಪದ ನಮ್ಮಲ್ಲಿ ಎಂಥ ಮಾಯಾವಿ ಅಂದರೆ, ಗಾಯ ಕೀವಾದರೂ ಅದೇ, ಮೈ ತುರಿಸಿದರೂ ಅದೇ, ಕಾರಣ ಯಾವಾಗಲೂ ಊಟದಲ್ಲಿ. ಎಂಬಿಎ ಓದಿದ ನಾನು ಅದನ್ನು ನಂಬಲಿಲ್ಲ ಅಂತ ಅಂದುಕೊಂಡಿದ್ದೆ. ಮುಂದೆ ನಾನು ಮಾಡಿದ್ದೂ ಅದೇ ನಂಜಿನ ಲೆಕ್ಕವೇ, ಇಂಗ್ಲಿಷಿನಲ್ಲಿ ಅಷ್ಟೇ.

ಅಮ್ಮನ ಸ್ನಾನದ ಬಗ್ಗೆ ಹೇಳಲೇಬೇಕು. ಹಂಡೆಯ ತುಂಬ ಬಿಸಿನೀರು. ಕಾಲು ಚಾಚಿ ಕೂತು ಮಗುವನ್ನು ಮಂಡಿಯ ಮೇಲೆ ಬೋರಲು ಮಲಗಿಸಿಕೊಂಡು, ಕಡಲೆಹಿಟ್ಟಿಗೆ ಹಾಲಿನ ಕೆನೆ, ಚಿಟಿಕೆ ಅರಿಶಿನ ಕಲಸಿ ಮೈಯೆಲ್ಲ ತಿಕ್ಕಿ, ಬೆನ್ನಿಗೆ ನೀರು ಸುರಿಯೋದು. ಕೊನೆಗೆ ಸಾಂಬ್ರಾಣಿ ಹೊಗೆ. ನಾನು, ತಮ್ಮ, ಬೀದಿಯ ಅರ್ಧ ಮಕ್ಕಳು ಅಮ್ಮನ ಮಂಡಿಯ ಮೇಲೇ ಬೆಳೆದವರು. ಮಗು ನೀರು ಹಾಕಿಸಿಕೊಂಡು ನಾಲ್ಕು ತಾಸು ಮಲಗುತ್ತಿತ್ತು. ಅದನ್ನು ಬೇಡ ಅನ್ನೋ ಧೈರ್ಯ ಯಾರಿಗಿದೆ? ಬೆಂಗಳೂರಿಗೆ ಬಂದ ಮೇಲೂ ಕೆನೆ, ಕಡಲೆಹಿಟ್ಟು ಮುಂದುವರಿದವು. ತಿಪಟೂರಿನಿಂದ ಬಂದ ಅತ್ತೆ ಅದಕ್ಕೆ ಮನೆಯ ಗಾಣದ ಕೊಬ್ಬರಿ ಎಣ್ಣೆ ಸೇರಿಸಿದರು.

ಆರು ತಿಂಗಳಿಗೆ ರಾಗಿ ಸರಿ ಶುರು ಮಾಡಿದೆವು. ಆಮೇಲೆ ಮೊಸರನ್ನ. ಮೊಸರನ್ನ ಅಂದರೆ ಪುಟ್ಟಿ ಬಟ್ಟಲು ಕಿತ್ತುಕೊಳ್ಳುತ್ತಿದ್ದಳು. ಇತ್ತ ತುರಿಕೆ ಕೆನ್ನೆಯಿಂದ ಕೈಕಾಲಿಗೆ ಇಳಿಯಿತು. ರಾತ್ರಿ ಹನ್ನೊಂದರಿಂದ ಬೆಳಗಿನ ನಾಲ್ಕರವರೆಗೆ ಅವಳ ಉಗುರಿನ ಸದ್ದು ಕೇಳುತ್ತಿತ್ತು. ಕೈಗೆ ಹತ್ತಿಯ ಕಾಲುಚೀಲ ಹಾಕಿದರೆ ಮುಖವನ್ನು ನನ್ನ ನೈಟಿಗೇ ಉಜ್ಜುತ್ತಿದ್ದಳು. ಬೆಳಿಗ್ಗೆ ದಿಂಬಿನ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆ. ಹತ್ತು ಗಂಟೆಗೆ ಲ್ಯಾಪ್‌ಟಾಪ್ ತೆರೆದು ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂರುತ್ತಿದ್ದೆ.

ಮಕ್ಕಳ ಡಾಕ್ಟರು ಎಕ್ಸಿಮಾ ಅಂದರು, ಒಂದು ಮಾಯಿಶ್ಚರೈಸರ್, ಒಂದು ಮುಲಾಮು ಬರೆದರು. ಮುಲಾಮಿನ ಡಬ್ಬಿ ಮೇಲೆ ಹೆಸರು ನೋಡಿ ಗೂಗಲ್ ಮಾಡಿದೆ. ಸ್ಟೆರಾಯ್ಡ್! ಟ್ಯೂಬು ಬೀರುವಿನ ಒಳಗೆ ಹೋಯಿತು. ನನಗೆ ಬೇಕಾಗಿದ್ದು ಮುಲಾಮಲ್ಲ, 'ಮೂಲ ಕಾರಣ'. ಅಪಾರ್ಟ್‌ಮೆಂಟಿನ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಮೂಲ ಕಾರಣ ಎಲ್ಲರಿಗೂ ಗೊತ್ತಿತ್ತು. ಒಬ್ಬರ ಮಗುವಿಗೆ ಹಾಲು ಬಿಡಿಸಿದ್ದೇ ತಡ ಚರ್ಮ ಗಾಜಿನಂತಾಯಿತಂತೆ. ಇನ್ನೊಬ್ಬರದು ಗೋಧಿಯಂತೆ. ಮತ್ತೊಬ್ಬರು ಒಂದು ಲ್ಯಾಬಿನ ಲಿಂಕು ಕಳಿಸಿದರು. ತೊಂಬತ್ತಕ್ಕೂ ಹೆಚ್ಚು ಆಹಾರಗಳ 'ಸೆನ್ಸಿಟಿವಿಟಿ' ಒಂದೇ ರಕ್ತಪರೀಕ್ಷೆಯಲ್ಲಿ, ಮನೆಗೇ ಬಂದು ಸ್ಯಾಂಪಲ್ ಒಯ್ಯುತ್ತಾರೆ. ಅಷ್ಟು ಪುಟ್ಟ ಕೈಯಲ್ಲಿ ನರ ಸಿಗದೆ ಮೂರು ಕಡೆ ಚುಚ್ಚಿದರು. ಬಣ್ಣದ ರಿಪೋರ್ಟು ಬಂತು: ಹಸಿರು, ಹಳದಿ, ಕೆಂಪು. ಕೆಂಪಿನಲ್ಲಿದ್ದದ್ದೆಲ್ಲ ಫ್ರಿಜ್ಜಿನ ಬಾಗಿಲಿಗೆ ಬಂತು. ಹಾಲೂಡಿಸುತ್ತಿದ್ದೆನಲ್ಲ, ನನ್ನ ತಟ್ಟೆಯಿಂದಲೂ ಹೋಯಿತು. ಪಟ್ಟಿಯಲ್ಲಿ ಗುಣ ಕಾಣದಿದ್ದಾಗ ಇನ್ನೊಂದು ಪದಾರ್ಥ ಸೇರಿಸುತ್ತಿದ್ದೆ.

ಗಮನಿಸಿ: ಹಾಲು ಹೊಟ್ಟೆಗೆ ಬೇಡ ಅಂತ ನಿಲ್ಲಿಸಿದ್ದ ನಾನು, ಸ್ನಾನಕ್ಕೆ ಕೆನೆ ನಿಲ್ಲಿಸಿರಲಿಲ್ಲ. ಅದು ಊಟದ ಪಟ್ಟಿ, ಇದು ಸೋಪಿನ ಬದಲು. ಎರಡೂ ಒಂದೇ ಹಾಲು ಅಂತ ತಲೆಗೇ ಹೊಳೆಯಲಿಲ್ಲ.

ಹನ್ನೊಂದನೇ ತಿಂಗಳಲ್ಲಿ ತಿಪಟೂರಿನಲ್ಲಿ ನಾದಿನಿಯ ಮಗನ ನಾಮಕರಣ. ನಾನು ಸೀರೆ ಸರಿಮಾಡಿಕೊಳ್ಳಲು ಒಳಗೆ ಹೋಗಿ ಬರುವಷ್ಟರಲ್ಲಿ, ಹಿರಿಯರೊಬ್ಬರು ಪ್ರೀತಿಯಿಂದ ಪುಟ್ಟಿಯ ಬಾಯಿಗೆ ಎರಡು ಚಮಚ ಶಾವಿಗೆ ಪಾಯಸ ಇಟ್ಟಿದ್ದರು. ಹತ್ತು ನಿಮಿಷ ಆಗಿರಬಹುದು. ಬಾಯಿಯ ಸುತ್ತ ಗಂಧೆಗಳೆದ್ದವು, ನೋಡುನೋಡುತ್ತಿದ್ದಂತೆ ಹೊಟ್ಟೆಗೆ, ಬೆನ್ನಿಗೆ ಹರಡಿದವು. ಒಂದು ಕಣ್ಣು ಊದಿ ಮುಚ್ಚಿತು. ಆಮೇಲೆ ವಾಂತಿ, ಮತ್ತೆ ವಾಂತಿ, ಆಮೇಲೆ ನನ್ನ ಭುಜದ ಮೇಲೆ ಸುಮ್ಮನಾಗಿಬಿಟ್ಟಳು. ಆ ಸುಮ್ಮನಾಗಿದ್ದೇ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತೆ. ಇವರು ಕಾರು ಓಡಿಸಿದರು, ಅತ್ತೆ ಹಿಂದಿನ ಸೀಟಿನಲ್ಲಿ ದೇವರ ಹೆಸರು ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟು, ರಾತ್ರಿಯೆಲ್ಲ ಇಟ್ಟುಕೊಂಡರು. ಬೆಳಿಗ್ಗೆ ಎದ್ದು ನನ್ನ ಬಳೆ ಎಳೆಯುತ್ತಿದ್ದಳು.

ನಿಜ ಹೇಳಬೇಕೆಂದರೆ, ಆ ಹೆದರಿಕೆಯ ಜೊತೆಗೇ ನನ್ನೊಳಗೆ ಒಂದು ಬಗೆಯ ಗೆಲುವೂ ಇತ್ತು. ನೋಡಿದಿರಾ, ಹಾಲೇ ಕಾರಣ ಅಂತ ನಾನು ಹೇಳಿರಲಿಲ್ಲವಾ?

ಆ ಗೆಲುವನ್ನು ಹೊತ್ತುಕೊಂಡೇ ಬೆಂಗಳೂರಿನಲ್ಲಿ ಮಕ್ಕಳ ಅಲರ್ಜಿ ನೋಡುವ ಡಾಕ್ಟರ ಹತ್ತಿರ ಹೋದೆ. ವಯಸ್ಸಾದ ಹೆಂಗಸು, ಮೆಲುದನಿ. ನನ್ನ ಬಣ್ಣದ ರಿಪೋರ್ಟನ್ನು ನೋಡಿ ಪಕ್ಕಕ್ಕಿಟ್ಟರು. "ಇದು ಐಜಿಜಿ ಅಂತ ಅಳೆದಿರೋದು. ಮಗು ಏನೇನು ತಿಂದಿದೆ ಅಂತ ಹೇಳುತ್ತೆ, ಏನು ಆಗಲ್ಲ ಅಂತ ಹೇಳಲ್ಲ. ಅಲರ್ಜಿಗೆ ನೋಡೋದು ಐಜಿಇ. ಅದು ಪಾಸಿಟಿವ್ ಬಂದ್ರೂ ಅಲರ್ಜಿ ಅಂತ ಗ್ಯಾರಂಟಿ ಇಲ್ಲ. ಎಕ್ಸಿಮಾ ಇರೋ ಮಕ್ಕಳಲ್ಲಿ ಎಷ್ಟೋ ಪಾಸಿಟಿವ್ ಬರುತ್ತೆ, ತಿಂದ್ರೆ ಏನೂ ಆಗಲ್ಲ." ಲಸಿಕೆ ಪುಸ್ತಕ ತೆಗೆದು ತೂಕದ ಗೆರೆ ನೋಡಿದರು. ಆರು ತಿಂಗಳಿಗೆ 7.4 ಕೆ.ಜಿ. ಈಗ 7.6. ಐದು ತಿಂಗಳಲ್ಲಿ ಇನ್ನೂರು ಗ್ರಾಂ. ನಡುಗೆರೆಯ ಮೇಲಿದ್ದ ಚುಕ್ಕೆ ಕೆಳಗಿನ ಗೆರೆಯ ಹತ್ತಿರಕ್ಕೆ ಜಾರಿತ್ತು. ಚರ್ಮ ನೋಡುತ್ತ ಕೂತ ನಾನು ಮಗು ತೆಳ್ಳಗಾಗಿದ್ದನ್ನು ನೋಡಿರಲಿಲ್ಲ.

ಆಮೇಲೆ ಕೇಳಿದರು, "ಹಾಲು ನಿಲ್ಲಿಸೋಕೆ ಮುಂಚೆ ಮೊಸರು ತಿಂತಿದ್ದಳಾ?"

"ತಿಂತಿದ್ದಳು. ದಿನಾ. ಎರಡು ತಿಂಗಳು."

"ಆಗ ಹೀಗೆ ಗಂಧೆ, ವಾಂತಿ?"

"ಇಲ್ಲ. ತುರಿಕೆ ಇತ್ತು."

"ತುರಿಕೆ ನಿಲ್ಲಿಸಿದ ಮೇಲೂ ಇತ್ತಲ್ವಾ?"

ಇತ್ತು. ಸುಮ್ಮನೆ ಕೂತೆ. ಅವರು ಬೈಯಲಿಲ್ಲ. ನಿಧಾನವಾಗಿ ಬಿಡಿಸಿ ಹೇಳಿದರು. ಎಕ್ಸಿಮಾ ಇರುವ ಮಗು ಒಂದು ಪದಾರ್ಥವನ್ನು ತಿಂದು ಜೀರ್ಣಿಸಿಕೊಳ್ಳುತ್ತಿದ್ದರೆ, ಹಾಗೆ ತಿನ್ನುತ್ತಿರುವುದೇ ದೇಹಕ್ಕೆ ಅಭ್ಯಾಸವಾಗಿರುತ್ತದೆ. ಅದನ್ನು ತಿಂಗಳುಗಟ್ಟಲೆ ಬಿಡಿಸಿದರೆ ಕೆಲವು ಮಕ್ಕಳಲ್ಲಿ ಆ ಅಭ್ಯಾಸ ತಪ್ಪಿಹೋಗಿ, ಮತ್ತೆ ಕೊಟ್ಟಾಗ ಮೊದಲಿಲ್ಲದ ತೀವ್ರ ಅಲರ್ಜಿ ಕಾಣಿಸಿಕೊಳ್ಳುತ್ತದೆ. ವೈದ್ಯರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. "ನಿಮ್ಮ ಮಗಳಿಗೆ ಇದೇ ಆಯ್ತು ಅಂತ ನಾನು ಆಣೆ ಮಾಡಿ ಹೇಳಲ್ಲ. ಆದರೆ ಕಥೆ ಹೊಂದುತ್ತೆ. ಸ್ನಾನಕ್ಕೆ ಏನು ಹಾಕ್ತೀರಾ?"

ಕೆನೆ ಅಂದೆ. ಕಡಲೆಹಿಟ್ಟು ಅಂದೆ. ಹೇಳುವಾಗಲೇ ಅರ್ಥವಾಗತೊಡಗಿತ್ತು.

"ನಿಮ್ಮೂರಲ್ಲಿ ಹೆಂಚಿನ ಮನೆ ಇದೆಯಾ? ಹೆಂಚು ಸರಿದು ಮನೆ ಸೋರಿದ್ರೆ ಮಳೆಗೆ ಬೈತೀರಾ, ಹೆಂಚು ಸರಿಮಾಡ್ತೀರಾ? ಇವಳ ಚರ್ಮ ಸರಿದ ಹೆಂಚಿನ ಹಾಗೆ. ಒಳಗಿನ ತೇವ ಹೊರಗೆ ಹೋಗುತ್ತೆ, ಹೊರಗಿನದು ಒಳಗೆ ಬರುತ್ತೆ." ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಅನ್ನೋ ಪ್ರೋಟೀನು ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ ಅಂತ 2006ರಲ್ಲೇ ಗೊತ್ತಾಗಿದೆಯಂತೆ. ಎಲ್ಲರಿಗೂ ಅದೇ ಕಾರಣವಲ್ಲ, ಆದರೆ ಎಕ್ಸಿಮಾದ ಚರ್ಮ ಸೋರುವ ಚರ್ಮ ಅನ್ನೋದು ಎಲ್ಲರಿಗೂ ಸರಿ. ಬಿರುಕುಬಿಟ್ಟ ಆ ಚರ್ಮದ ಮೂಲಕ ಹಾಲೋ ಕಡಲೆಯೋ ಒಳಹೊಕ್ಕರೆ ದೇಹ ಅದನ್ನು ಶತ್ರು ಅಂತ ಗುರುತು ಹಾಕಿಕೊಳ್ಳಬಹುದು. ಬಾಯಿಂದ ಹೋದದ್ದನ್ನು ಸಾಮಾನ್ಯವಾಗಿ ಊಟ ಅಂತ ಒಪ್ಪಿಕೊಳ್ಳುತ್ತದೆ. ನಾವು ಮಾಡಿದ್ದು ಸರಿಯಾಗಿ ತಿರುಗುಮುರುಗು. ಬಾಯಿಯ ದಾರಿ ಮುಚ್ಚಿ, ಚರ್ಮದ ದಾರಿ ತೆರೆದಿಟ್ಟಿದ್ದೆವು.

ಮನೆಗೆ ಬಂದು ಆ ಹಾಳೆ ಹರಿದು ಹಾಕಿದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಹರಿಯಲಿಲ್ಲ. ಇನ್ನೂ ಎರಡು ವಾರ ಅಲ್ಲೇ ಇತ್ತು, ಒಂದೊಂದೇ ಸಾಲು ಹೊಡೆದುಹಾಕುತ್ತ ಬಂದೆ. ಹಾಲು ಮಾತ್ರ ಉಳಿಯಿತು, ಅದು ಈಗ ನಿಜವಾದ ಅಲರ್ಜಿ. ಅದಕ್ಕೆ ಬೇರೆ ವ್ಯವಸ್ಥೆ, ತುರ್ತಿಗೆ ಏನು ಮಾಡಬೇಕು ಅಂತ ಬರೆದುಕೊಟ್ಟ ಚೀಟಿ, ತೂಕಕ್ಕೆ ಹಾಲಿನ ಪ್ರೋಟೀನು ಒಡೆದು ಮಾಡಿದ ವಿಶೇಷ ಪುಡಿ. ಅದರ ಬೆಲೆ ಕೇಳಿ ಇವರು ಒಂದು ನಿಮಿಷ ಮಾತಾಡಲಿಲ್ಲ. ಬಾದಾಮಿ ಹಾಲು, ಅಕ್ಕಿ ಹಾಲು ಅಂತ ನಾನೇ ಹೊಂದಿಸಿಕೊಳ್ಳುತ್ತಿದ್ದದ್ದು ಒಂದು ವರ್ಷದೊಳಗಿನ ಮಗುವಿಗೆ ಸಾಲುವುದೇ ಇಲ್ಲವಂತೆ. ಗೋಧಿ, ಟೊಮೆಟೊ, ಬಾಳೆಹಣ್ಣು ಮನೆಯಲ್ಲೇ ವಾಪಸು ಬಂದವು, ಏನೂ ಆಗಲಿಲ್ಲ. ಮೊಟ್ಟೆ, ಕಡಲೆಕಾಯಿ, ಕಡಲೆಬೇಳೆಗೆ ಚರ್ಮದ ಮೇಲೆ ಚುಕ್ಕೆ ಹಾಕಿ ಪರೀಕ್ಷೆ ಮಾಡಿದರು, ನೆಗೆಟಿವ್. "ಇನ್ನು ತಡ ಮಾಡಬೇಡಿ, ಕೊಡಿ" ಅಂದರು.

ಕಡಲೆಕಾಯಿಗೆ ಯಾಕಷ್ಟು ಅವಸರ ಅಂದರೆ, ಲಂಡನ್ನಿನಲ್ಲಿ ಗಿಡಿಯನ್ ಲ್ಯಾಕ್ ಅನ್ನುವವರ ತಂಡ 640 ಕೂಸುಗಳ ಮೇಲೆ ಮಾಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಎಲ್ಲರೂ ತೀವ್ರ ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ, ನಾಲ್ಕರಿಂದ ಹನ್ನೊಂದು ತಿಂಗಳಿನ ಮಕ್ಕಳು. ಅರ್ಧ ಮಕ್ಕಳಿಗೆ ಕಡಲೆಕಾಯಿ ಕೊಡಲೇಬಾರದು, ಅರ್ಧಕ್ಕೆ ವಾರಕ್ಕೆ ಹಲವು ಸಲ ಕೊಡಬೇಕು. ಐದು ವರ್ಷಕ್ಕೆ ನೋಡಿದರೆ, ದೂರವಿಟ್ಟವರಲ್ಲಿ ಸುಮಾರು 17 ಶೇಕಡಾ ಮಕ್ಕಳಿಗೆ ಕಡಲೆಕಾಯಿ ಅಲರ್ಜಿ, ತಿಂದವರಲ್ಲಿ ಸುಮಾರು 3. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ನಮ್ಮನೆಯಲ್ಲಿ ಕಡಲೆಕಾಯಿಯನ್ನು ಹುರಿದು ನುಣ್ಣಗೆ ಪುಡಿಮಾಡಿ ರಾಗಿ ಸರಿಗೆ ಹಾಕುತ್ತೇವೆ. ಇಡೀ ಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಎಕ್ಸಿಮಾ ಜೋರಾಗಿರುವ ಮಗುವಾದರೆ ಮೊದಲು ಡಾಕ್ಟರನ್ನು ಕೇಳಿ. ತಿಂದ ಎರಡು ಗಂಟೆಯೊಳಗೆ ಗಂಧೆ, ಊತ, ವಾಂತಿ, ಉಸಿರಿನ ತೊಂದರೆ ಆದ ಮಗುವಿಗಂತೂ ಮನೆಯಲ್ಲಿ 'ಒಂದ್ಸಲ ನೋಡೋಣ' ಅಂತ ಕೊಡುವ ಹಾಗೇ ಇಲ್ಲ.

ಚರ್ಮಕ್ಕೆ ಮಾಡಿದ್ದು ನಾಚಿಕೆಯಾಗುವಷ್ಟು ಸರಳ. ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ, ಸೋಪಿಲ್ಲದ ಕ್ಲೆನ್ಸರ್. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ವಾಸನೆಯಿಲ್ಲದ ಗಟ್ಟಿ ಕ್ರೀಮು. ನಾನು ಹಚ್ಚುತ್ತಿದ್ದದ್ದು ಮುಖಕ್ಕೆ ಸ್ನೋ ಹಚ್ಚಿದ ಹಾಗೆ, ಬಟಾಣಿ ಕಾಳಷ್ಟು. ಡಾಕ್ಟರು ಹೇಳಿದ್ದು ವಾರಕ್ಕೆ 250 ಗ್ರಾಂ. ನಾನು ಆ ಟ್ಯೂಬನ್ನು ಎರಡು ತಿಂಗಳು ಬರಿಸುತ್ತಿದ್ದೆ! ಸಾಂಬ್ರಾಣಿ ಹೊಗೆ ಬಂದ್. ಸ್ಟೆರಾಯ್ಡ್ ಟ್ಯೂಬು ಬೀರುವಿನಿಂದ ಹೊರಬಂತು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಅರ್ಧ ಗ್ರಾಂ, ಅದು ನಮ್ಮ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಕೆಂಪಾದ ಕಡೆ ಮಾತ್ರ, ಹೇಳಿದಷ್ಟು ದಿನ ಮಾತ್ರ. ಮೆಡಿಕಲ್ ಸ್ಟೋರಿನವರು ತಾವಾಗೇ ಕೊಡುವ ತ್ರೀ-ಇನ್-ಒನ್ ಮುಲಾಮುಗಳ ಕಥೆ ಬೇರೆ, ಅವುಗಳಿಗೆ ಹೆದರಲೇಬೇಕು. ನಾನು ಹೆದರಿದ್ದು ಸರಿಯಾದ ವಸ್ತುವಿಗೆ ಅಲ್ಲ, ಅಷ್ಟೇ. ಒಂಬತ್ತನೇ ರಾತ್ರಿ ಎಚ್ಚರವಾಗಿ ಮೊಬೈಲ್ ನೋಡಿದರೆ ಐದು ಗಂಟೆ. ಪುಟ್ಟಿ ಒಂದೇ ಮಗ್ಗುಲಲ್ಲಿ ಮಲಗಿದ್ದಳು. ಉಸಿರಾಡುತ್ತಿದ್ದಾಳಾ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ.

ಈ ನಡುವೆ ಇವರು ಬೋರ್‌ವೆಲ್ ನೀರು ಗಡಸು ಅಂತ ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸಲು ಕೊಟೇಶನ್ ತರಿಸಿದ್ದರು. ಇಂಗ್ಲೆಂಡಿನಲ್ಲಿ 336 ಮಕ್ಕಳ ಮನೆಯಲ್ಲಿ ಇದನ್ನೇ ಪರೀಕ್ಷಿಸಿ, ಎಕ್ಸಿಮಾಕ್ಕೆ ಇದರಿಂದ ಹೆಚ್ಚಿನ ಲಾಭವಿಲ್ಲ ಅಂತ 2011ರಲ್ಲಿ ಬರೆದಿದ್ದಾರೆ. ಆ ದುಡ್ಡು ಕ್ರೀಮಿಗೆ ಹೋಯಿತು.

ಕಷ್ಟವಾದದ್ದು ಅಮ್ಮನಿಗೆ ಹೇಳುವುದು. ಒಂದು ವಾರ ಫೋನಿನಲ್ಲಿ ಮಳೆ, ಕಾಫಿ ಗಿಡ, ತಮ್ಮನ ಕೆಲಸ ಎಲ್ಲ ಮಾತಾಡಿದೆ. ಕೊನೆಗೆ ಹೇಳಿದೆ. ಆ ಕಡೆ ಸದ್ದಿಲ್ಲ.

"ಅಂದ್ರೆ ನನ್ನ ಕೈಯಿಂದ್ಲೇ ಆಯ್ತಾ?"

"ಹಂಗಲ್ಲ ಅಮ್ಮ. ನಮಗೆಲ್ಲ ಹಾಕ್ದೆ, ಏನಾಯ್ತು? ಗಟ್ಟಿ ಚರ್ಮಕ್ಕೆ ಏನೂ ಆಗಲ್ಲ. ಇವಳದು ಬಿರುಕುಬಿಟ್ಟಿತ್ತು. ನಂಗೂ ಗೊತ್ತಿರ್ಲಿಲ್ಲ. ಡಾಕ್ಟ್ರೂ ಇದರಿಂದ್ಲೇ ಅಂತ ಹೇಳಿಲ್ಲ. ಊಟ ಬಿಡಿಸಿದ್ದು ನಾನು, ನೀನಲ್ಲ."

ತುಂಬ ಹೊತ್ತಿನ ಮೇಲೆ ಅಂದಳು, "ಮುಂಬಾಗ್ಲಿಂದ ಬಂದ್ರೆ ನೆಂಟ, ಹಿತ್ತಲ ಗೋಡೆ ಹಾರಿ ಬಂದ್ರೆ ಕಳ್ಳ. ಅಷ್ಟೇ ತಾನೆ?"

ನನ್ನ ಡಾಕ್ಟರಿಗೆ ಇದನ್ನು ಹೇಳಿದೆ. ಅವರು ನಕ್ಕು, ಬೇರೆ ಅಮ್ಮಂದಿರಿಗೆ ಹೀಗೇ ಹೇಳ್ತೀನಿ ಅಂದರು. ಅಮ್ಮನಿಗೆ ಆ ವಿಷಯ ತಿಳಿಸಿದಾಗ ಸಮಾಧಾನವಾಯಿತೋ ಇಲ್ಲವೋ, ಮುಂದಿನ ಸಲ ಬಂದಾಗ ಕಡಲೆಹಿಟ್ಟಿನ ಡಬ್ಬಿ ಬದಲು ಬಜ್ಜಿ ಮಾಡಲು ಬಾಳೆಕಾಯಿ ತಂದಿದ್ದಳು. ಅತ್ತೆಯ ಕೊಬ್ಬರಿ ಎಣ್ಣೆಗೆ ಡಾಕ್ಟರು ಅಡ್ಡಿ ಹೇಳಲಿಲ್ಲ, ಅದೊಂದೇ ಸಾಲದು ಅಂದರು ಅಷ್ಟೇ. ಅತ್ತೆ ಅದನ್ನು ಊರಿಗೆಲ್ಲ "ನಮ್ಮ ಎಣ್ಣೆ ಪಾಸಾಯ್ತು" ಅಂತ ಹೇಳಿಕೊಂಡು ಬಂದರು.

ಎಕ್ಸಿಮಾ ಪೂರ್ತಿ ಹೋಗಿಲ್ಲ. ಡಿಸೆಂಬರಿನ ಒಣಗಾಳಿಗೆ ಮೊಣಕಾಲಿನ ಹಿಂದೆ, ಮೊಣಕೈ ಮಡಿಕೆಯಲ್ಲಿ ಮತ್ತೆ ಕೆಂಪಾಗುತ್ತದೆ. ಜ್ವರ ಬಂದರೆ, ಹಲ್ಲು ಬಂದರೆ, ಬೆವರಿದರೆ ಕೂಡ. ಈಗ ಕೆಂಪಾದರೆ ನಿನ್ನೆ ಏನು ತಿಂದಳು ಅಂತ ತಲೆ ಕೆಡಿಸಿಕೊಳ್ಳುವುದಿಲ್ಲ, ಕ್ರೀಮು ಎರಡು ದಿನ ಸರಿಯಾಗಿ ಬಿತ್ತಾ ಅಂತ ನೋಡುತ್ತೇನೆ. ಬಹುಪಾಲು ಸಲ ಉತ್ತರ ಅಲ್ಲೇ ಇರುತ್ತದೆ.

ಹಾಲಿನ ಅಲರ್ಜಿ ಬಹಳಷ್ಟು ಮಕ್ಕಳಿಗೆ ಬೆಳೆಯುತ್ತ ಹೋಗುತ್ತದೆ ಅಂತ ಮೊದಲೇ ಹೇಳಿದ್ದರು. ಒಂದೂವರೆ ವರ್ಷಕ್ಕೆ ಆಸ್ಪತ್ರೆಯಲ್ಲೇ ಕೂರಿಸಿ, ಹಾಲು ಹಾಕಿ ಚೆನ್ನಾಗಿ ಬೇಯಿಸಿದ ಬಿಸ್ಕತ್ತಿನ ಚೂರು ಕೊಟ್ಟು ನೋಡಿದರು. ಜೀರ್ಣವಾಯಿತು. ಅಲ್ಲಿಂದ ತಿಂಗಳುಗಟ್ಟಲೆ ಬಿಸ್ಕತ್ತು, ಆಮೇಲೆ ಕೇಕು. ಕಳೆದ ತಿಂಗಳು, ಅವಳಿಗೆ ಎರಡು ವರ್ಷ ನಾಲ್ಕು ತಿಂಗಳಾಗಿದ್ದಾಗ, ಮೊಸರಿನ ಸರದಿ. ಬೆಳಿಗ್ಗೆ ಎಂಟಕ್ಕೇ ಆಸ್ಪತ್ರೆ. ಪಕ್ಕದ ಟ್ರೇಯಲ್ಲಿ ಅಡ್ರಿನಲಿನ್ ಸಿರಿಂಜು ತಯಾರಿತ್ತು. ನನ್ನ ಕಣ್ಣು ಅಲ್ಲೇ. ಮೊದಲು ಚಮಚದ ತುದಿಯಲ್ಲಿ ಒಂದು ಹನಿ, ಇಪ್ಪತ್ತು ನಿಮಿಷ ಕಾಯೋದು. ಕಾಲು ಚಮಚ, ಕಾಯೋದು. ಅರ್ಧ. ಒಂದು. ಪ್ರತಿ ಸಲ ಅಂಗಿ ಎತ್ತಿ ಹೊಟ್ಟೆ, ಬೆನ್ನು ನೋಡುತ್ತಿದ್ದರು. ಕೊನೆಗೆ ನರ್ಸ್ ಸಿಸ್ಟರು ಮನೆಯಿಂದ ತಂದ ಅನ್ನಕ್ಕೆ ಉಳಿದ ಮೊಸರು ಕಲಸಿ ಬಟ್ಟಲು ಕೊಟ್ಟರು. ಪುಟ್ಟಿ ಬಟ್ಟಲು ಕಿತ್ತುಕೊಂಡಳು. ಎರಡು ಗಂಟೆ ಕಾದೆವು. ಏನೂ ಆಗಲಿಲ್ಲ.

ಕಾರಿಡಾರಿಗೆ ಬಂದು ಅತ್ತೆಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. "ತಿಂದಳು ಅತ್ತೆ, ಪೂರ್ತಿ ಬಟ್ಟಲು" ಅಂದೆ. ಆ ಕಡೆ ಮೂಗು ಸೀಟಿಕೊಂಡ ಸದ್ದು. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದರು, "ಉಪ್ಪು ಹಾಕಿದ್ರಾ ಇಲ್ವಾ, ಸಪ್ಪೆ ತಿನ್ನಿಸಿದ್ರಾ ಮಗೂಗೆ?"